ಅಆಇಈ ಮೊದಲೋ, ರಗಸದಅ ಮೊದಲೋ? ಇಬ್ಬರು ಮಕ್ಕಳ ಜೊತೆ ಮಾಡಿ ನೋಡಿದ್ದು

ಕಳೆದ ದೀಪಾವಳಿಗೆ ಊರಿಗೆ ಹೊರಟಿದ್ದೆವು. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ವಿಪರೀತ ಗದ್ದಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗ. ಎಷ್ಟು ಎಳೆದರೂ ಬರದೆ ಅವನು ಅಲ್ಲೇ ನಿಂತುಬಿಟ್ಟ. ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ನೋಡುತ್ತಾ "ಗ... ದ... ಗ" ಅಂದ. ಆಮೇಲೆ ಒಮ್ಮೆಲೇ ಕೂಗಿದ: "ಅವ್ವಾ, ಗದಗ! ಗದಗ ಅಂತ ಬರದಾರ!"

ಆಗ ಅವನಿಗೆ ನಾಲ್ಕು ವರ್ಷ. ಗೊತ್ತಿದ್ದದ್ದು ಐದೇ ಅಕ್ಷರ: ರ, ಗ, ಸ, ದ, ಅ. ಅಕ್ಷರಾಭ್ಯಾಸ ಮಾಡಿಸಿ ಮೂರು ವಾರ ಆಗಿತ್ತು ಅಷ್ಟೇ.

ಅವನ ಅಕ್ಕ ಇದೇ ವಯಸ್ಸಿನಲ್ಲಿ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಹಾಡುತ್ತಿದ್ದಳು. ಆದರೆ ಒಂದು ಬೋರ್ಡನ್ನೂ ಓದುತ್ತಿರಲಿಲ್ಲ. ಅವತ್ತು ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇದನ್ನೇ. ಇಬ್ಬರಿಗೂ ನಾನೇ ಮನೆಯಲ್ಲಿ ಕಲಿಸಿದ್ದು. ದಾರಿ ಮಾತ್ರ ಬೇರೆ ಬೇರೆ: ಮಗಳಿಗೆ ಅಆಇಈ ಅನ್ನುವ ವರ್ಣಮಾಲೆ ಕ್ರಮ, ಮಗನಿಗೆ ರಗಸದಅ ಕ್ರಮ. ಇಬ್ಬರ ಸ್ವಭಾವವೂ ಬೇರೆ, ಅದು ನಿಜ. ಮಗಳು ನಿಧಾನದವಳು, ಮಗ ಕಂಡದ್ದನ್ನೆಲ್ಲ ಮುಟ್ಟುವವನು. ಆದರೂ ಎರಡೂ ದಾರಿ ಪೂರ್ತಿ ನಡೆದು ನೋಡಿದ್ದರಿಂದ, ಚಿಕ್ಕ ಮಕ್ಕಳಿರುವ ತಾಯಿ ತಂದೆಯರಿಗೆ ಹೇಳುವಷ್ಟು ನನ್ನ ಹತ್ತಿರ ಇದೆ ಅನಿಸುತ್ತದೆ.

ಮಗಳಿಗೆ ಮೂರೂವರೆ ವರ್ಷ ಇದ್ದಾಗ ನರ್ಸರಿಗೆ ಹಾಕಿದೆವು. ಅಲ್ಲಿ ವರ್ಣಮಾಲೆ ಕ್ರಮ, ಜೊತೆಗೆ ಚುಕ್ಕಿ ಕೂಡಿಸಿ ಬರೆಯುವ ಪುಸ್ತಕ. ದಿನಕ್ಕೆ ಎರಡು ಪುಟ ಮನೆಗೆಲಸ. ಒಂದು ಪುಟ ಪೂರ್ತಿ ಅ, ಮರುದಿನ ಪುಟ ಪೂರ್ತಿ ಆ. ನಾನೂ ಹೀಗೇ ಕಲಿತದ್ದು, ಹಾಗಾಗಿ ಅದೇ ಸರಿ ಅಂದುಕೊಂಡಿದ್ದೆ. ಸಂಜೆ ಆಯಿತೆಂದರೆ ಮನೆಯಲ್ಲಿ ಅಳು. "ಬೆರಳು ನೋಯ್ತಾವ" ಅಂತ ಪೆನ್ಸಿಲ್ ಬಿಸಾಕುತ್ತಿದ್ದಳು. ನಾನು ಅದನ್ನು ಹಟ ಅಂತ ತಿಳಿದು ಗದರಿದ್ದೂ ಇದೆ. ಈಗ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬು ಇರುತ್ತವೆ. ಮಗು ಹುಟ್ಟಿದಾಗ ಅವು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತಗಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರೂವರೆ ವರ್ಷಕ್ಕೆ ಅರ್ಧದಷ್ಟು ಕೂಡ ಆಗಿರುವುದು ಕಷ್ಟ. ಅಂಥ ಕೈಗೆ ಸಣ್ಣ ಚೌಕದೊಳಗೆ ಮೂವತ್ತು ಸಲ ಅ ಬರೆ ಅಂದರೆ ನೋಯದೆ ಇನ್ನೇನು?

ಇನ್ನೊಂದು ತೊಂದರೆ ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಅ ದಿಂದ ಔ ವರೆಗೆ 13 ಸ್ವರ ಕಲಿಯಲು ಅವಳಿಗೆ ಸುಮಾರು ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳಲ್ಲಿ ಅವಳಿಗೆ ಓದಲು ಏನು ಸಿಕ್ಕಿತು? ಏನೂ ಇಲ್ಲ. ಕನ್ನಡದಲ್ಲಿ ಸ್ವರದ ಅಕ್ಷರ ಪದದ ಮೊದಲಲ್ಲಿ ಬರುತ್ತದೆ. ಪದದ ನಡುವೆ ಅದು ಗುಣಿತವಾಗಿ ಬೇರೆ ರೂಪ ತಾಳುತ್ತದೆ. ಬರೀ ಸ್ವರಗಳನ್ನು ಜೋಡಿಸಿ ಮಗುವಿಗೆ ಕೊಡಲು ಒಂದು ಪದವೂ ಸಿಗುವುದಿಲ್ಲ. "ಆ" ಅಂದರೆ ಆನೆ, ಚಿತ್ರ ನೋಡಿ ಹೇಳುತ್ತಿದ್ದಳು. ಚಿತ್ರದ ಮೇಲೆ ಕೈ ಮುಚ್ಚಿದರೆ ಸುಮ್ಮನಾಗುತ್ತಿದ್ದಳು. ಋ ಬರೆಯಲು ಒಂದು ವಾರ ಒದ್ದಾಡಿದಳು. ಆ ಅಕ್ಷರ ಇರುವ ಎಷ್ಟು ಪದ ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಬರುತ್ತವೆ ಹೇಳಿ? ಮುಂದೆ ಙ, ಞ. ದಿನನಿತ್ಯದ ಪದಗಳಲ್ಲಿ ಇವು ಒಂಟಿಯಾಗಿ ಕಾಣುವುದೇ ಇಲ್ಲ. ಞ ಸಿಗುವುದು ಜ್ಞಾನ, ವಿಜ್ಞಾನದಂಥ ಪದಗಳಲ್ಲಿ, ಅದೂ ಒತ್ತಾಗಿ. ಅವಳು ಮೊದಲ ಪದ ತಾನಾಗಿ ಓದಿದ್ದು ಹದಿನಾಲ್ಕು ತಿಂಗಳ ಮೇಲೆ.

ನಡುವೆ ಕೊರೊನಾ ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ಮೊಬೈಲ್ ಆ್ಯಪ್ ಹಾಕಿಕೊಟ್ಟೆ. ಗಾಜಿನ ಮೇಲೆ ಬೆರಳು ಎಳೆದರೆ ಅಕ್ಷರ ಮೂಡುತ್ತದೆ, ನಕ್ಷತ್ರ ಬೀಳುತ್ತದೆ, ಚಪ್ಪಾಳೆ ಕೇಳುತ್ತದೆ. ಎರಡು ತಿಂಗಳು ಅಳುವೇ ಇರಲಿಲ್ಲ. ನನಗೂ ಅಡುಗೆ ಮಾಡಲು ಬಿಡುವು. ಆದರೆ ಒಂದು ದಿನ ಅವಳ ಹಿಂದೆ ನಿಂತು ನೋಡಿದೆ. ಅವಳು ಅಕ್ಷರ ನೋಡುತ್ತಲೇ ಇರಲಿಲ್ಲ. ಬೆರಳನ್ನು ಗೀಚಿದಂತೆ ಆಡಿಸುತ್ತಿದ್ದಳು, ಆ್ಯಪ್ ಅದನ್ನೇ ಸರಿ ಅನ್ನುತ್ತಿತ್ತು. ಅದೇ ಅಕ್ಷರವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಗುರುತು ಸಿಗಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ನೋಡುವ ಪರದೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಅದನ್ನು ದಾಟಿದ್ದೆವು. ಅಕ್ಷರ ಎಲ್ಲಿಂದ ಶುರುವಾಗಿ ಯಾವ ಕಡೆ ತಿರುಗುತ್ತದೆ ಅಂತ ತೋರಿಸಲು ಆ್ಯಪ್ ಪರವಾಗಿಲ್ಲ. ಆದರೆ ಅದನ್ನು ಅಮ್ಮನೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ಐದು ನಿಮಿಷದಲ್ಲಿ ತೋರಿಸಬಹುದು, ಅಲ್ವಾ? ಮಗನಿಗೆ ಅದನ್ನು ಕೊಡಲೇ ಇಲ್ಲ.

ಮಗನ ಸರದಿ ಬಂದಾಗ ನಮ್ಮ ಅಕ್ಕ ದಾರಿ ತೋರಿಸಿದಳು. ಅವಳು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿಕ್ಕ ತರಗತಿಯ ಮಕ್ಕಳಿಗೆ ಆಡುತ್ತಾ ಕಲಿಸುವ ನಲಿ ಕಲಿ ತರಗತಿ ತೆಗೆದುಕೊಳ್ಳುತ್ತಾಳೆ. "ನೀ ಅ ಆ ಇ ಈ ಬರೆಸೋದು ಸ್ವಲ್ಪ ದಿನ ಬಿಡು. ರ ಗ ಸ ದ ಅ, ಈ ಐದು ಹಿಡ್ಕೊ" ಅಂದಳು.

ನಲಿ ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ತಟ್ಟೆ ಅನ್ನುವ ಮಕ್ಕಳ ಗುಂಪು, ಹೀಗೆ ಅದರಲ್ಲಿ ಬಹಳ ಇದೆ. ನಾನು ಮನೆಗೆ ತಂದುಕೊಂಡದ್ದು ಅಕ್ಷರದ ಕ್ರಮ ಒಂದನ್ನೇ. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಾದ, ಪದ ಕಟ್ಟಲು ಬರುವ ಅಕ್ಷರಗಳು ಮೊದಲು. ಅಷ್ಟೇ ಅದರ ಗುಟ್ಟು.

ಐದೇ ಅಕ್ಷರದಲ್ಲಿ ಎಷ್ಟು ಪದ ನೋಡಿ: ಸರ, ಅರಸ, ಅಗಸ, ದಸರ, ಗರಗಸ, ಸರಸರ, ಗದಗ. ಎರಡನೇ ಗುಂಪು ಜ ವ ಮ ಬ ನ. ಅವೂ ಸೇರಿದ ಮೇಲೆ ಮರ, ಜನ, ದನ, ಮಗ, ನಗರ, ಬಸವ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ನವನಗರ ನಿಲ್ದಾಣ ಬರುತ್ತದೆ. ಐದೂ ಅಕ್ಷರ ಅವನಿಗೆ ಬರುವಂಥವೇ. ಜನವರಿಯಲ್ಲಿ ಅದನ್ನು ಓದಿದ. ಪಕ್ಕದಲ್ಲಿ ಕುಳಿತಿದ್ದ ಅಜ್ಜ ಒಬ್ಬರು ಖುಷಿಯಾಗಿ ಅವನ ಗಲ್ಲ ಹಿಡಿದು ಕೈಗೆ ಪೆಪ್ಪರಮೆಂಟು ಕೊಟ್ಟರು. ಅವತ್ತಿನಿಂದ ಯಾವ ಬೋರ್ಡು ಕಂಡರೂ ನಿಲ್ಲುತ್ತಾನೆ. ಗೊತ್ತಿಲ್ಲದ ಅಕ್ಷರ ಬಂದರೆ "ಇದ್ಯಾವ್ದವ್ವಾ?" ಅಂತ ಕೇಳುತ್ತಾನೆ. ಮಗಳು ಆ ವಯಸ್ಸಿನಲ್ಲಿ ಒಂದು ದಿನವೂ ಹಾಗೆ ಕೇಳಿರಲಿಲ್ಲ. ಕೇಳಲು ಅವಳಿಗೆ ಕಾರಣವೇ ಸಿಕ್ಕಿರಲಿಲ್ಲ.

ಬರೆಸುವುದರಲ್ಲೂ ನಾನು ದಾರಿ ಬದಲಾಯಿಸಿದೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಬರೆಸುತ್ತೇವಲ್ಲ. ಮಗಳಿಗೂ ಹಾಗೇ ಬರೆಸಿದ್ದೆವು. ಮರುದಿನವೇ ಪೆನ್ಸಿಲ್ ಕೈಗೆ ಬಂತು. ಮಗನಿಗೆ ಮಾತ್ರ ಆ ತಟ್ಟೆಯನ್ನು ಎತ್ತಿಡದೆ ಮುಂದುವರಿಸಿದೆ. ಅಕ್ಕಿ ಕಾಳು ದಪ್ಪ, ಗೆರೆ ಸರಿಯಾಗಿ ಮೂಡುವುದಿಲ್ಲ. ಪರಾತದಲ್ಲಿ ರವೆ ಹಾಕಿದೆ. ಅದರಲ್ಲಿ ಗೆರೆ ಚೆಂದ ಬರುತ್ತದೆ. ಆದರೆ ಅತ್ತೆಯವರು "ಉಣ್ಣೋ ಪದಾರ್ಥ ಆಟಕ್ಕ ಬ್ಯಾಡವಾ" ಅಂದರು. ಅವರ ಮಾತು ಸರಿ ಅನಿಸಿತು. ಇರುವೆ ಕಾಟ ಬೇರೆ. ಆಮೇಲೆ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಹಾಕಿದೆ. ತಪ್ಪಾದರೆ ಪರಾತ ಅಲ್ಲಾಡಿಸಿದರೆ ಸಾಕು, ಎಲ್ಲ ಅಳಿಸಿಹೋಗುತ್ತದೆ. ರಬ್ಬರ್ ಉಜ್ಜಿ ಕಾಗದ ಹರಿದು ಅಳುವ ಮಾತೇ ಇಲ್ಲ.

ಎಲ್ಲಕ್ಕಿಂತ ಒಳ್ಳೆಯದು ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮದು ಶಹಾಬಾದ್ ಫರಸಿ ಹಾಕಿದ ಹಳೆ ಮನೆ. ಒಂದು ಮಧ್ಯಾಹ್ನ ನೀರು ಕುಡಿದ ಲೋಟದಲ್ಲಿ ಬೆರಳು ಅದ್ದಿ ನೆಲದ ಮೇಲೆ ಗ ಬರೆದ. ಬೂದು ಕಲ್ಲಿನ ಮೇಲೆ ನೀರಿನ ಗೆರೆ ಕಪ್ಪಗೆ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಎರಡು ನಿಮಿಷಕ್ಕೆ ತಾನೇ ಮಾಯ. ಒಣಗುವುದರೊಳಗೆ ಇನ್ನೊಂದು ಬರೆಯಬೇಕು ಅನ್ನುವುದೇ ಅವನಿಗೆ ಆಟ. ಮಂಡಿಯೂರಿ, ಇಡೀ ತೋಳು ಬೀಸಿ, ತನ್ನಷ್ಟೇ ದೊಡ್ಡ ಅಕ್ಷರ ಬರೆಯುತ್ತಾನೆ. ಬೆರಳು ನೋಯುವುದಿಲ್ಲ. ಹೇಳದೆ ಕೇಳದೆ ಇಪ್ಪತ್ತು ಸಲ ಬರೆದಿರುತ್ತಾನೆ. ಅದೇ ಇಪ್ಪತ್ತನ್ನು ಮಗಳ ಹತ್ತಿರ ಪುಸ್ತಕದಲ್ಲಿ ಬರೆಸಲು ನಾನು ಒಂದು ಗಂಟೆ ಕುಳಿತಿರುತ್ತಿದ್ದೆ.

ಪಾಟಿ ಮತ್ತು ಬಳಪ ನೆಲಕ್ಕೂ ಕಾಗದಕ್ಕೂ ನಡುವೆ ಬರುತ್ತವೆ. ಕಾಗದಕ್ಕಿಂತ ಮೇಲು, ಏಕೆಂದರೆ ಅಳಿಸಬಹುದು, ಅಕ್ಷರ ದೊಡ್ಡದಾಗಿ ಬರೆಯಬಹುದು. ಆದರೆ ಬಳಪ ತಿನ್ನುವ ಮಕ್ಕಳ ಮೇಲೆ ಒಂದು ಕಣ್ಣಿರಬೇಕು. ತುಂಡು ತೀರಾ ಸಣ್ಣದಾದರೂ ಒಳ್ಳೆಯದೇ. ಅಂಗೈಯಲ್ಲಿ ಮುಷ್ಟಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಪೆನ್ಸಿಲ್ ಹಿಡಿತಕ್ಕೆ ಅದು ತಾನಾಗಿ ಅಭ್ಯಾಸ.

ಹಾಗಂತ ವರ್ಣಮಾಲೆ ಬೇಡವೇ ಬೇಡ ಅನ್ನುತ್ತಿಲ್ಲ. ಅದರ ಬೆಲೆ ನನಗೆ ಗೊತ್ತಾದದ್ದು ಈ ಜೂನ್‌ನಲ್ಲಿ. ಅಲ್ಲಿಯವರೆಗೆ ಮಗ ಮನೆ ಹತ್ತಿರದ ಅಂಗನವಾಡಿಗೆ ಹೋಗುತ್ತಿದ್ದ. ಅಲ್ಲಿ ಹಾಡು, ಕಥೆ, ಮಣಿ ಪೋಣಿಸುವುದು, ಎಲೆ ಎಣಿಸುವುದು, ಬರೆಯುವ ಒತ್ತಾಯ ಇರಲಿಲ್ಲ. ಅವನ ಕೈ ಪಳಗಿದ್ದರಲ್ಲಿ ಆ ಮಣಿಗಳ ಪಾಲೂ ಇದೆ. ಎಲ್‌ಕೆಜಿಗೆ ಸೇರಿದ ಮೊದಲ ವಾರ ಟೀಚರ್ "ಅ ಆದ ಮೇಲೆ ಏನು?" ಅಂತ ಕೇಳಿದರಂತೆ. ಇವನು "ಜ" ಅಂದನಂತೆ. ಬೇರೆ ಮಕ್ಕಳು ನಕ್ಕರಂತೆ. ಮನೆಗೆ ಬಂದವನು ಊಟ ಮಾಡಲಿಲ್ಲ.

ಅವತ್ತು ರಾತ್ರಿಯೇ ಅತ್ತೆಯವರು ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ರಾಗವಾಗಿ ಹೇಳಿಕೊಡಲು ಶುರು ಮಾಡಿದರು. ಬರೆಸಲಿಲ್ಲ, ಬರೀ ಬಾಯಿಪಾಠ. ಮೂರೇ ವಾರದಲ್ಲಿ ಪೂರ್ತಿ ಬಂತು. ಆಗ ಒಂದು ಚೆಂದದ ವಿಷಯ ನಡೆಯಿತು. ಪ ಫ ಬ ಭ ಮ ಅನ್ನುವಾಗ "ಅಮ್ಮಾ, ತುಟಿ ಮುಚ್ಚತಾವ ನೋಡು" ಅಂದ ಅಜ್ಜಿಗೆ. ಕ ಖ ಗ ಘ ಗಂಟಲ ಹತ್ತಿರ, ತ ಥ ದ ಧ ಹಲ್ಲಿನ ಹತ್ತಿರ, ಪ ಫ ಬ ಭ ತುಟಿಯಲ್ಲಿ. ನಮ್ಮ ವರ್ಣಮಾಲೆ ಬಾಯಿಯ ಒಳಗಿನಿಂದ ಹೊರಗೆ ಬರುವಂತೆ ಜೋಡಿಸಿದ್ದು. ಅದು ಬಾಯಿಗಾಗಿ ಮಾಡಿದ ಕ್ರಮ, ಕೇಳಿ ಹಾಡುವ ಕ್ರಮ. ರಗಸದಅ ಕಣ್ಣಿಗಾಗಿ, ಕೈಗಾಗಿ ಮಾಡಿದ ಕ್ರಮ. ಮಗಳಿಗೆ ನಾನು ಬಾಯಿಯ ಕ್ರಮದಲ್ಲಿ ಕೈ ಓಡಿಸಲು ಹೋಗಿದ್ದೆ. ತಪ್ಪಾದದ್ದು ಅಲ್ಲಿ. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ವರ್ಣಮಾಲೆ ಮಡಿಲಲ್ಲಿ ಕೂರಿಸಿಕೊಂಡು ಹಾಡಿಸಿ, ರಗಸದಅ ನೆಲದ ಮೇಲೆ ಬರೆಸಿ, ಎರಡನ್ನೂ ಒಟ್ಟಿಗೇ ಶುರು ಮಾಡಿ. ಚುಕ್ಕಿ ಪುಸ್ತಕ ಐದು ವರ್ಷದವರೆಗೆ ಕಪಾಟಿನಲ್ಲೇ ಇರಲಿ.

ರಗಸದಅ ಕ್ರಮದಲ್ಲಿ ನನಗೆ ಸಿಕ್ಕ ಒಂದು ಸಣ್ಣ ತೊಡಕೂ ಹೇಳಬೇಕು. ಮಗುವಿಗೆ ಮೊದಲು ಬೇಕಾಗುವುದು ಗರಗಸ ಅಲ್ಲ, ಮನೆಯವರ ಹೆಸರು. ಅಪ್ಪ, ಅವ್ವ, ಅಜ್ಜ, ಎಲ್ಲದರಲ್ಲೂ ಒತ್ತಕ್ಷರ. ಕಾಯಲು ಅವನು ತಯಾರಿರಲಿಲ್ಲ. ಅ, ವ ಬಂದ ದಿನವೇ "ಅವ್ವ ಬರಿ" ಅಂದ. ಬರೆದು ತೋರಿಸಿದೆ. ಕೆಳಗಿನ ಒತ್ತು ನೋಡಿ "ಇದು ವ-ದ ಮರಿ" ಅಂದ. ಅಜ್ಜದಲ್ಲಿ ಜ-ದ ಮರಿಯನ್ನು ತಾನೇ ಹುಡುಕಿದ. ಆದರೆ ಅಮ್ಮದಲ್ಲಿ ಸೋತ. ಮ-ದ ಒತ್ತು ಮ-ದಂತೆ ಇರುವುದಿಲ್ಲ ನೋಡಿ. ತ, ನ, ಮ, ಯ, ರ, ಲ ಇವುಗಳ ಒತ್ತು ಬೇರೆಯೇ ಆಕಾರ. ಹಾಗಾಗಿ ಒತ್ತಿನ ಮೊದಲ ಪದವಾಗಿ ಅಮ್ಮನಿಗಿಂತ ಅವ್ವ, ಅಜ್ಜ, ಅಪ್ಪ ಸುಲಭ. ಪುಣೆಯಲ್ಲಿರುವ ನನ್ನ ತಂಗಿಗೆ ಇದನ್ನೇ ಹೇಳಿದೆ. ಅಲ್ಲಿ ಬೀದಿಯ ಬೋರ್ಡೆಲ್ಲ ಮರಾಠಿ, ಗದಗದ ಬಸ್ಸು ಮಗುವಿಗೆ ಎಲ್ಲಿಂದ ಕಾಣಬೇಕು? ಅವಳು ಚೀಟಿಯಲ್ಲಿ ಅಜ್ಜ, ಅಪ್ಪ ಅಂತ ಬರೆದು ಫೋಟೋಗಳ ಕೆಳಗೆ ಅಂಟಿಸಿದ್ದಾಳೆ. ರಾತ್ರಿ ಓದಿ ಹೇಳಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಿಂದ ಕನ್ನಡ ಕಥೆಗಳನ್ನು ಇಳಿಸಿಕೊಂಡು ಪ್ರಿಂಟ್ ತೆಗೆಸಿದ್ದಾಳೆ. ಅವು ಉಚಿತ.

ನಮ್ಮಲ್ಲಿ ಈಗ ಮೂರನೇ ಗುಂಪು ನಡೆದಿದೆ. ಪ, ಟ, ಡ, ಚ ಎಲ್ಲ ಬಂದಿವೆ. ಹೇಳಿಕೊಡುವವಳು ಹೆಚ್ಚಾಗಿ ಅವನ ಅಕ್ಕನೇ. ಮಳೆ ಹಿಡಿದಾಗಿನಿಂದ ಫರಸಿ ಒಣಗುತ್ತಿಲ್ಲ, ಬರೆದ ಅಕ್ಷರ ಮಾಯವಾಗದೆ ಒಂದರ ಮೇಲೊಂದು ಕಲಸಿಹೋಗುತ್ತವೆ. ಅದಕ್ಕೇ ಪಾಟಿ ಹೊರಗೆ ಬಂದಿದೆ. ನಿನ್ನೆ ಸಂಜೆ ಇಬ್ಬರೂ ಕಿಟಕಿ ಹತ್ತಿರ ಕುಳಿತು ಹೆಂಚಿನಿಂದ ಬೀಳುವ ಹನಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನು ಪಾಟಿ ತಂದು ತೋರಿಸಿದ. ಟಪಟಪ ಅಂತ ಬರೆದಿದ್ದ. ಎರಡನೇ ಟ ಸ್ವಲ್ಪ ವಾಲಿತ್ತು.