ಕಾರಿನ ಸ್ಟೀರಿಯೊ ಹದಕ್ಕೆ ತರಲು ರೂಮ್ ಇಕ್ಯೂ ವಿಝಾರ್ಡ್: ಬಹುಕಾಲದ ಬಳಕೆಯ ನಂತರ

ಕಾರಿಗೆ ಹೊಸ ಸ್ಪೀಕರ್ ಹಾಕಿಸಿದವರಿಗೆ ಅಂಗಡಿಯಲ್ಲಿ ಮಾಡಿಕೊಡುವ ಸೆಟ್ಟಿಂಗ್ ಹೆಚ್ಚುಕಡಿಮೆ ಒಂದೇ: ಬಾಸ್ ಮೇಲೆ, ಟ್ರೆಬಲ್ ಮೇಲೆ, ನಡುವಿನದೆಲ್ಲ ಕೆಳಗೆ. ಐದು ನಿಮಿಷ ಕೇಳಲು ಜೋರಾಗಿರುತ್ತದೆ, ಹೆದ್ದಾರಿಯಲ್ಲಿ ಒಂದು ಗಂಟೆ ಕೇಳಿದರೆ ತಲೆ ನೋಯುತ್ತದೆ. ಯಕ್ಷಗಾನ ಹಾಕಿದರಂತೂ ಭಾಗವತರ ದನಿ ಎಲ್ಲೋ ಹಿಂದೆ ಸರಿದು ಚೆಂಡೆ, ಚಕ್ರತಾಳ ಮಾತ್ರ ಕಿವಿಗೆ ರಾಚುತ್ತವೆ. ಇದರಿಂದ ಬೇಸತ್ತು ನಾನು ಬಳಸತೊಡಗಿದ್ದು ರೂಮ್ ಇಕ್ಯೂ ವಿಝಾರ್ಡ್. ಯಾವ ಸ್ವರ ಎಷ್ಟು ಜೋರಾಗಿದೆ ಎಂದು ಮೈಕ್‌ನಿಂದ ಅಳೆದು, ಬಾಸ್‌ನಿಂದ ಟ್ರೆಬಲ್‌ವರೆಗೆ ಗೆರೆಯಾಗಿ ತೋರಿಸುವ ಕಂಪ್ಯೂಟರ್ ತಂತ್ರಾಂಶವಿದು.

ಜಾನ್ ಮಲ್ಕಾಹಿ ರೂಪಿಸಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ದುಡ್ಡು ಬೇಕಾಗುವುದು ಮೈಕ್‌ಗೆ. ನನ್ನದು ಮಿನಿಡಿಎಸ್‌ಪಿಯ ಯುಮಿಕ್-1. ಲ್ಯಾಪ್‌ಟಾಪಿನ ಯುಎಸ್‌ಬಿಗೆ ನೇರ ಸಿಕ್ಕಿಸಬಹುದು. ಮೈಕ್‌ನ ಸೀರಿಯಲ್ ಸಂಖ್ಯೆ ಕೊಟ್ಟರೆ ಅಳತೆಯಲ್ಲಿ ಆ ಮೈಕ್ ಮಾಡುವ ತಪ್ಪನ್ನು ಸರಿಪಡಿಸಲೆಂದೇ ಇರುವ ತಿದ್ದುಪಡಿ ಕಡತ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಮೊಬೈಲ್ ಮೈಕ್‌ನಲ್ಲೇ ಸುಧಾರಿಸುತ್ತೇನೆ ಎನ್ನುವವರು ಬಾಸ್ ವಿಷಯದಲ್ಲಿ ಅದನ್ನು ನಂಬದಿರುವುದು ಒಳ್ಳೆಯದು.

ಕೆಲಸ ಹೀಗೆ ನಡೆಯುತ್ತದೆ. ಎಂಜಿನ್ ಮತ್ತು ಎಸಿ ನಿಲ್ಲಿಸಿ, ಕಿಟಕಿ ಏರಿಸಿ, ಸ್ಟೀರಿಯೊದಲ್ಲಿ ಪಿಂಕ್ ನಾಯ್ಸ್ ನುಡಿಸಬೇಕು. ಜೋರು ಮಳೆಯಂಥ ಈ ಸದ್ದನ್ನು ತಂತ್ರಾಂಶವೇ ತಯಾರಿಸಿ ಕಡತವಾಗಿ ಕೊಡುತ್ತದೆ. ಚಾಲಕನ ತಲೆ ಇರುವ ಜಾಗದಲ್ಲಿ ಮೈಕ್ ಅನ್ನು ನಿಧಾನವಾಗಿ ಸುತ್ತಾಡಿಸುತ್ತಿದ್ದರೆ ತೆರೆಯ ಮೇಲಿನ ಗೆರೆ ಸರಾಸರಿಗೆ ಬಂದು ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ‘ಸ್ಪೆಕ್ಟ್ರಮ್’ ಎಂಬ ಆಯ್ಕೆಯಲ್ಲಿ ಪಿಂಕ್ ನಾಯ್ಸ್ ಸಹಜವಾಗಿಯೇ ಇಳಿಜಾರಾಗಿ ಕಾಣುತ್ತದೆ. ‘ಆರ್‌ಟಿಎ’ (ರಿಯಲ್ ಟೈಮ್ ಅನಲೈಸರ್) ಆಯ್ಕೆ ಮಾಡಿಕೊಂಡರೆ ಮಾತ್ರ ಸಮನಾದ ಸದ್ದು ಸಮನಾದ ಗೆರೆಯಾಗಿ ಬರುತ್ತದೆ.

ನನಗೆ ಇದರ ಬೆಲೆ ತಿಳಿದದ್ದು ಬಾಸ್ ಭಾಗದಲ್ಲಿ, 80 ಹರ್ಟ್ಜ್ ಬಳಿ ಗೆರೆಯಲ್ಲಿ ಕಂಡ ಒಂದು ದೊಡ್ಡ ತಗ್ಗಿನಿಂದ. ಸದ್ದಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಅಲ್ಲಿ 6 ಡೆಸಿಬೆಲ್ ಏರಿಸಿದರೂ ತಗ್ಗು ತುಂಬಲಿಲ್ಲ. 6 ಡೆಸಿಬೆಲ್ ಎಂದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು, ಅಷ್ಟೂ ವ್ಯರ್ಥ. ಎಡ ಸ್ಪೀಕರ್ ಒಂದನ್ನೇ ಅಳೆದರೆ ತಗ್ಗಿಲ್ಲ, ಬಲ ಒಂದನ್ನೇ ಅಳೆದರೂ ಇಲ್ಲ, ಎರಡೂ ಸೇರಿ ನುಡಿದರೆ ಇದೆ! 80 ಹರ್ಟ್ಜ್ ಅಲೆಯ ಉದ್ದ ಸುಮಾರು 4.3 ಮೀಟರ್. ಅದರ ಮುಂದೆ ಎರಡು ಬಾಗಿಲುಗಳಿಂದ ನನ್ನ ಕಿವಿಗಿರುವ ದೂರದ ವ್ಯತ್ಯಾಸ ತೀರಾ ಸಣ್ಣದು. ಹಾಗಾಗಿ ದೂರವನ್ನು ದೂರುವಂತಿಲ್ಲ. ಬಾಗಿಲಿನ ಪ್ಯಾನೆಲ್ ಬಿಚ್ಚಿ ನೋಡಿದರೆ ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ತಂತಿ ಅದಲು ಬದಲಾಗಿತ್ತು. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ತಂತಿ ತಿರುಗಿಸಿದೊಡನೆ ಬಾಸ್ ಬಂತು, ಈಕ್ವಲೈಸರ್‌ನ ಅಗತ್ಯವೇ ಬೀಳಲಿಲ್ಲ. ಹಾಕಿಕೊಟ್ಟ ಅಂಗಡಿಯವರು ‘ಸಬ್‌ವೂಫರ್ ಹಾಕಿಸಿ ಸಾರ್’ ಎಂದಿದ್ದರು.

ಉಳಿದದ್ದು ತಗ್ಗಿಸುವ ಕೆಲಸ. 160 ಹರ್ಟ್ಜ್ ಬಳಿ ಬಾಗಿಲಿನ ಗುಂಯ್‌ಗುಡುವಿಕೆ, 3,000ದ ಬಳಿ ಚುಚ್ಚುವ ಉಬ್ಬು. ಇವೆರಡನ್ನು ಕೆಳಗಿಳಿಸಿದ ಮೇಲೆ ಭಾಗವತರು ಮುಂದೆ ಬಂದರು. ಗೆರೆಯನ್ನು ಪೂರ್ತಿ ನೇರ ಮಾಡಲು ಹೋಗಬೇಡಿ. ರಸ್ತೆಯ ಗದ್ದಲ ಬಾಸ್ ಅನ್ನು ನುಂಗುತ್ತದೆ, ಟ್ರೆಬಲ್ ಗಾಜಿಗೆ ಬಡಿದು ಕಿವಿಗೆ ಬರುತ್ತದೆ. ಬಾಸ್ ಕಡೆ ಎತ್ತರವಿದ್ದು ಮೇಲಕ್ಕೆ ಹೋದಂತೆ ಮೆಲ್ಲಗೆ ಇಳಿಯುವ ಗೆರೆಯೇ ಕಾರಿಗೆ ಹಿತ.

ದೂರುಗಳೂ ಇವೆ. ಪರದೆಯ ತುಂಬ ಗುಂಡಿಗಳು, ಮೆನುಗಳು. ಮೊದಲ ನೋಟಕ್ಕೆ ಗಾಬರಿಯಾಗುತ್ತದೆ. ಎಲ್ಲಿ ಎಷ್ಟು ಏರಿಸಬೇಕು, ಇಳಿಸಬೇಕು ಎಂಬ ಫಿಲ್ಟರ್‌ಗಳನ್ನು ತಾನೇ ಲೆಕ್ಕ ಹಾಕುವ ಸೌಲಭ್ಯ ಚೆನ್ನಾಗಿದೆಯಾದರೂ ಅದರ ಪೂರ್ಣ ಪ್ರಯೋಜನ ಪ್ಯಾರಾಮೆಟ್ರಿಕ್ ಈಕ್ವಲೈಸರ್ (ಏರಿಳಿಸುವ ಜಾಗ, ಅಗಲ ಎರಡನ್ನೂ ಬೇಕಾದಂತೆ ಆರಿಸಬಹುದಾದದ್ದು) ಇರುವ ಡಿಎಸ್‌ಪಿ, ಅಂದರೆ ಸದ್ದನ್ನು ತಿದ್ದುವ ಪೆಟ್ಟಿಗೆ, ಹಾಕಿಸಿದವರಿಗೆ. ನನ್ನ ಸ್ಟೀರಿಯೊದಲ್ಲಿರುವುದು 13 ಬ್ಯಾಂಡ್‌ಗಳ ಸಾದಾ ಈಕ್ವಲೈಸರ್, ಹಾಗಾಗಿ ಗೆರೆ ನೋಡಿ ಕೈಯಲ್ಲೇ ಒಂದೊಂದಾಗಿ ಬದಲಿಸುತ್ತೇನೆ. ಈಕ್ವಲೈಸರೇ ಇಲ್ಲದ, ಬಾಸ್ ಮತ್ತು ಟ್ರೆಬಲ್ ಎರಡೇ ಇರುವ ಸ್ಟೀರಿಯೊಗೆ ಇಷ್ಟೆಲ್ಲ ಖರ್ಚು ಬೇಡ.

ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ (ಹತ್ತಿರದ ಸ್ಪೀಕರ್ ಅನ್ನು ತುಸು ತಡವಾಗಿ ನುಡಿಸುವ ಸೌಲಭ್ಯ) ಇದ್ದರೆ ಅದನ್ನೂ ಹೊಂದಿಸಿ. ನಮ್ಮ ಕಾರುಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲ ಸ್ಪೀಕರ್ ಹತ್ತಿರ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಅರ್ಧ ಮೀಟರ್ ವ್ಯತ್ಯಾಸವಿದ್ದರೆ ಬಲದ್ದನ್ನು ಸುಮಾರು 1.5 ಮಿಲಿಸೆಕೆಂಡ್ ತಡ ಮಾಡಿದರೆ ಹಾಡುವವರು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂರುತ್ತಾರೆ. ಆದರೆ ಇದು ಚಾಲಕನೊಬ್ಬನ ಸುಖ. ಪಕ್ಕದ ಸೀಟಿನಲ್ಲಿ ಕೂತವರಿಗೆ ಎಲ್ಲವೂ ಎಡಕ್ಕೆ ವಾಲುತ್ತದೆ. ಆದ್ದರಿಂದ ತಡವಿಲ್ಲದ ಇನ್ನೊಂದು ಪ್ರೀಸೆಟ್ ಉಳಿಸಿಟ್ಟಿದ್ದೇನೆ, ಮನೆಯವರು ಜೊತೆಗಿದ್ದಾಗ ಅದನ್ನೇ ಹಾಕುತ್ತೇನೆ.