ಗೂಗಲ್ ಟ್ರೆಂಡ್ಸ್: ಯಾವ ಆ್ಯಪ್ ಏರ್ತಿದೆ, ಯಾವ್ದು ಇಳೀತಿದೆ

ಸೋಶಿಯಲ್ ಮೀಡಿಯಾದಲ್ಲಿ ಯಾವ್ದು ಮೇಲೆ ಬಂತು, ಯಾವ್ದು ಮೂಲೆ ಸೇರ್ತು ಅಂತ ನೋಡ್ಬೇಕಂದ್ರೆ ಗೂಗಲ್ ಟ್ರೆಂಡ್ಸ್ ಸಖತ್ ಟೂಲ್, ಫ್ರೀ ಬೇರೆ. ಒಂದು ಹೆಸರನ್ನ ಜನ ಗೂಗಲಲ್ಲಿ ಯಾವಾಗ ಎಷ್ಟು ಹುಡುಕಿದ್ರು ಅಂತ ಗ್ರಾಫ್ ಗೆರೆಯಲ್ಲಿ ತೋರ್ಸುತ್ತೆ. 2004ರಿಂದ ಈಚಿನ ಡೇಟಾ ಎಲ್ಲಾ ಇದೆ. ಆರ್ಕುಟ್ (ಗೂಗಲ್‌ನದ್ದೇ ಹಳೇ ಸೋಶಿಯಲ್ ಸೈಟ್), ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರನ್ನೂ ಒಟ್ಟಿಗೆ ಹಾಕಿ ನೋಡಿ, 2014ರಲ್ಲಿ ಬಾಗಿಲು ಹಾಕೋ ಮುಂಚೆನೇ ಆರ್ಕುಟ್ ಗೆರೆ ನೆಲ ಕಚ್ಚಿರುತ್ತೆ, ನಂಗಂತೂ ನೋಡಿ ಬೇಜಾರಾಯ್ತು. ಆದ್ರೆ ಒಂದು ತಲೇಲಿರ್ಲಿ, ಅಲ್ಲಿ ಕಾಣೋ 100 ಅಂದ್ರೆ ನೂರು ಜನ ಅಲ್ಲ, ಆ ಅವಧೀಲಿ ಹುಡುಕಾಟ ಅತಿ ಜೋರಾಗಿದ್ದ ಹೊತ್ತು, ಉಳಿದಿದ್ದೆಲ್ಲ ಅದಕ್ಕೆ ಹೋಲಿಸಿ ಹಾಕಿರೋದು. ಇನ್ನೊಂದು, ಈಗ ಬಹಳ ಜನ ಫೋನಲ್ಲಿ ಸೀದಾ ಆ್ಯಪ್ ಓಪನ್ ಮಾಡ್ತಾರೆ, ಗೂಗಲಲ್ಲಿ ಹೆಸರು ಹುಡುಕೋದೇ ಇಲ್ಲ, ಹಂಗಾಗಿ ಫೇಸ್‌ಬುಕ್ ಗೆರೆ ಇಳಿದ ಮಾತ್ರಕ್ಕೆ ಬಳಸೋರು ಕಮ್ಮಿಯಾದ್ರು ಅಂತ ದಯವಿಟ್ಟು ಅನ್ಕೋಬೇಡಿ. ಒಂದ್ಸಲಕ್ಕೆ ಕೆಲವೇ ಹೆಸರು ಹೋಲಿಸ್ಬೋದು ಅನ್ನೋದು ಸ್ವಲ್ಪ ಕಿರಿಕಿರಿ. ನನ್ ಕಡೆಯಿಂದ 4 ಸ್ಟಾರ್.