ಹೆಸರು ಹೊಂದಿತೆಂದು ಹಿರಿಯರನ್ನು ಒಪ್ಪಿಕೊಳ್ಳಬೇಡಿ

ನನ್ನ ಅತ್ತೆಯ ಹಿರಿಯರು ಅಂದಿನ ಹಂಗೆರಿ ರಾಜ್ಯದ ಉತ್ತರ ಭಾಗದಿಂದ, ಅಂದರೆ ಇಂದಿನ ಸ್ಲೊವಾಕಿಯಾದಿಂದ, ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಕಲ್ಲಿದ್ದಲು ಗಣಿಯ ಕೂಲಿ ಅರಸಿ ಬಂದವರು. ಎಂಬತ್ತು ದಾಟಿದ ಅತ್ತೆಗೆ ತಮ್ಮ ತಾಯಿಯ ತಂದೆ ಎಲ್ಲಿ ಮಣ್ಣಾದರೆಂದು ತಿಳಿಯುವ ಆಸೆಯಿತ್ತು. ತರ್ಪಣ ಬಿಡುವಾಗ ಮೂರು ತಲೆಮಾರಿನ ಹೆಸರು ತಪ್ಪಬಾರದೆಂದು ಕಾಳಜಿ ವಹಿಸುವ ಮನೆಯಲ್ಲಿ ಬೆಳೆದ ನನಗೆ ಆ ಆಸೆ ಚೆನ್ನಾಗಿ ಅರ್ಥವಾಗುತ್ತಿತ್ತು. ವಂಶಾವಳಿ ಹುಡುಕಿಕೊಡುವ ವೃತ್ತಿಯವರೊಬ್ಬರಿಗೆ 1,400 ಡಾಲರ್ ಕೊಟ್ಟು ಈ ಕೆಲಸ ಒಪ್ಪಿಸಿದವಳು ನಾನೇ.

ಎರಡು ತಿಂಗಳಿಗೆ ಅಂದವಾದ ವರದಿ ಬಂದಿತು. ಅದರ ಪ್ರಕಾರ ಆ ಅಜ್ಜ 1907ರ ಡಿಸೆಂಬರ್ 19ರಂದು ಜೇಕಬ್ಸ್ ಕ್ರೀಕ್ ಬಳಿಯ ಡಾರ್ ಗಣಿಯ ಸ್ಫೋಟದಲ್ಲಿ ಮಡಿದ 239 ಮಂದಿಯಲ್ಲಿ ಒಬ್ಬರು. ಅತ್ತೆಯ ತಾಯಿ 1908ರ ಬೇಸಿಗೆಯಲ್ಲಿ ಹುಟ್ಟಿದರೆಂದೂ, ಅವರಿಗೆ ತಂದೆಯ ಮುಖದ ನೆನಪೇ ಇರಲಿಲ್ಲವೆಂದೂ ಮನೆಯಲ್ಲಿ ಹೇಳುತ್ತಿದ್ದರಿಂದ ನಾವು ಅನುಮಾನಿಸಲಿಲ್ಲ. ಮಡಿದವರಲ್ಲಿ 71 ಮಂದಿಯನ್ನು ಒಟ್ಟಿಗೆ ಹೂಳಿರುವ ಆಲಿವ್ ಬ್ರಾಂಚ್ ಸ್ಮಶಾನಕ್ಕೆ ಅತ್ತೆಯನ್ನು ಕರೆದೊಯ್ದೆವು. ಅವರು ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥಿಸಿದರು.

ಅಲ್ಲಿ ಇದ್ದವರು ಬೇರೆ ಯಾರದೋ ಹಿರಿಯರು.

ಪೆನ್ಸಿಲ್ವೇನಿಯಾ ರಾಜ್ಯವು ಜನನ ಮರಣಗಳನ್ನು 1906ರಿಂದ ದಾಖಲಿಸುತ್ತಿದೆ. ಜನನ ಪತ್ರಗಳು 105 ವರ್ಷಗಳ ಬಳಿಕ, ಮರಣ ಪತ್ರಗಳು 50 ವರ್ಷಗಳ ಬಳಿಕ ಸಾರ್ವಜನಿಕರಿಗೆ ಸಿಗುತ್ತವೆ. ಬೇರೊಂದು ಕಾರಣಕ್ಕೆ ನಾನು ತರಿಸಿದ ಜನನ ಪತ್ರದಲ್ಲಿ ಅತ್ತೆಯ ತಾಯಿ ಹುಟ್ಟಿದ್ದು 1909ರ ಅಕ್ಟೋಬರಿನಲ್ಲಿ ಎಂದಿತ್ತು. 1910ರ ಜನಗಣತಿಯಲ್ಲಿ ಆ ಅಜ್ಜ ಹೆಂಡತಿ ಮಕ್ಕಳೊಂದಿಗೆ ಹೇಜಲ್ಟನ್ ಬಳಿ, ಡಾರ್ ಗಣಿಯಿಂದ ರಾಜ್ಯದ ಇನ್ನೊಂದು ತುದಿಯಲ್ಲಿ, ಜೀವಂತವಾಗಿದ್ದರು. ಅವರು ತೀರಿಕೊಂಡದ್ದು 1913ರಲ್ಲಿ, ಗಣಿಗಾರರ ಉಬ್ಬಸವೆಂದು ಅಂದು ಬರೆಯುತ್ತಿದ್ದ, ಕಲ್ಲಿದ್ದಲ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಿಂದ. ಸ್ಫೋಟದಲ್ಲಿ ಮಡಿದವರ ಪಟ್ಟಿ ಸುಲಭವಾಗಿ ಸಿಗುತ್ತದೆ. ಹಾಸಿಗೆಯಲ್ಲಿ ಉಸಿರಿಗಾಗಿ ಒದ್ದಾಡಿ ಹೋದವರಿಗೆ ಅಂತಹ ಪಟ್ಟಿಯಿಲ್ಲ. ಹೀಗಾಗಿ ಹುಡುಕುವವರ ಕೈ ಮೊದಲು ಹೋಗುವುದು ಪಟ್ಟಿಯತ್ತ ಎಂಬುದು ನನಗೆ ಆಮೇಲೆ ಹೊಳೆಯಿತು.

ವರದಿಯನ್ನು ಮತ್ತೆ ಓದಿದಾಗ ಇಡೀ ಕಥೆ ಒಂದೇ ಹೆಸರಿನ ಮೇಲೆ ನಿಂತಿರುವುದು ಕಂಡಿತು. ಒಬ್ಬನೇ ವ್ಯಕ್ತಿ ಹಂಗೆರಿಯ ದಾಖಲೆಯಲ್ಲಿ ಯಾನೋಶ್, ಮನೆಯವರ ಬಾಯಲ್ಲಿ ಯಾನ್, ಅಮೆರಿಕದಲ್ಲಿ ಜಾನ್ ಆಗುತ್ತಿದ್ದ ಕಾಲವದು. ಅಂತಹ ಜಾನ್‌ಗಳು ಗಣಿ ಊರುಗಳಲ್ಲಿ ಬೀದಿಗೊಬ್ಬರಿದ್ದರು. ಅಡ್ಡಹೆಸರಿನ ಅಕ್ಷರಗಳು ಹೊಂದದಿದ್ದುದಕ್ಕೆ, ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರೆಂಬ ಸಮಜಾಯಿಷಿ ವರದಿಯಲ್ಲಿತ್ತು. ಪ್ರಯಾಣಿಕರ ಪಟ್ಟಿಯನ್ನು ಹಡಗಿನ ಕಂಪನಿಯವರು ಹೊರಡುವ ಬಂದರಿನಲ್ಲೇ ಬರೆಯುತ್ತಿದ್ದರು, ಎಲಿಸ್ ದ್ವೀಪದವರು ಅದನ್ನು ತಾಳೆ ನೋಡುತ್ತಿದ್ದರಷ್ಟೆ. ಯಾರಾದರೂ ನಿಮಗೆ ಈ ಸಮಜಾಯಿಷಿ ಕೊಟ್ಟರೆ ಅಲ್ಲಿಯೇ ತಡೆದು ಪ್ರಶ್ನಿಸಿ. ಇನ್ನೊಂದು ಸುಳಿವೂ ನಮ್ಮ ಕಣ್ಣೆದುರೇ ಇತ್ತು: ಡಾರ್ ಸ್ಫೋಟದ ದಿನ ಹಳೆಯ ಪಂಚಾಂಗದಂತೆ ಸಂತ ನಿಕೊಲಸ್ ಹಬ್ಬವಿದ್ದು, ಆ ಪಂಚಾಂಗ ಪಾಲಿಸುತ್ತಿದ್ದ ಗ್ರೀಕ್ ಕ್ಯಾಥೊಲಿಕ್ (ಪೂರ್ವ ಪದ್ಧತಿಯ ಕ್ರೈಸ್ತ ಪಂಗಡ) ಗಣಿಗಾರರು ಅನೇಕರು ಕೆಲಸಕ್ಕೆ ಹೋಗದೆ ಉಳಿದುಕೊಂಡಿದ್ದರು. ಅತ್ತೆಯ ಮನೆತನವೂ ಅದೇ ಪಂಗಡದ್ದು.

ನೀವು ಹಣ ಕೊಡುವ ಮೊದಲು, ಮಗುವಿನಿಂದ ತಂದೆಗೆ ಹೋಗುವ ಪ್ರತಿಯೊಂದು ಕೊಂಡಿಗೂ ದಾಖಲೆಯ ನಕಲು ಕೊಡಬೇಕೆಂದು ಲಿಖಿತವಾಗಿ ಕೇಳಿ. ಹಡಗಿನ ಪಟ್ಟಿಯಿಂದ ಆರಂಭಿಸದೆ, ಮರಣ ಪತ್ರ ಮತ್ತು ವಲಸಿಗರ ಚರ್ಚಿನ ಪುಸ್ತಕದಿಂದ ಹಿಂದಕ್ಕೆ ಹೋಗಿ. ಸ್ಲೊವಾಕಿಯಾದ ಹಳೆಯ ಚರ್ಚ್ ದಾಖಲೆಗಳ ಚಿತ್ರಗಳನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿಯೇ ನೋಡಬಹುದು.

ನಮ್ಮ ಹಣ ಮರಳಿ ಬರಲಿಲ್ಲ. ಅದಕ್ಕಿಂತ ನೋಯಿಸುವುದೆಂದರೆ, ಆ ತಪ್ಪು ವಂಶವೃಕ್ಷವನ್ನು ಅಂತರ್ಜಾಲದಿಂದ ನಕಲು ಮಾಡಿಕೊಂಡ ಆರು ಕುಟುಂಬಗಳು ಈಗ ನಮ್ಮ ಅಜ್ಜನನ್ನು ಡಾರ್ ಗಣಿಯಲ್ಲಿ ಮಡಿದವರೆಂದೇ ಬರೆದುಕೊಂಡಿವೆ. ಮರಣ ಪತ್ರದ ನಕಲು ಲಗತ್ತಿಸಿ ಅವರಿಗೆಲ್ಲ ಬರೆದಿದ್ದೇನೆ. ಇಬ್ಬರು ಮಾತ್ರ ತಿದ್ದಿಕೊಂಡಿದ್ದಾರೆ.